ಮೆಟ್ರೊಪೊಲಿಸ್‌ನ ಹತ್ತು ಗಂಟೆಯ ಗಡಿಯಾರ

'ಮೆಟ್ರೊಪೊಲಿಸ್' ಸಿನಿಮಾದ ಬಗ್ಗೆ ಯಾರೇ ಬರೆದರೂ ಮೊದಲು ಒಂದು ಬೈಬಲ್ ಪಟ್ಟಿ ಬರುತ್ತದೆ. ಮರಿಯಾ ಅಂದರೆ ಮೇರಿ, ಫ್ರೇಡರ್ ಅಂದರೆ ಯೇಸು, ಗೋಪುರ ಅಂದರೆ ಬಾಬೆಲ್. ಪಟ್ಟಿ ಮುಗಿದರೆ ಬರಹವೂ ಮುಗಿಯಿತು. ಹೇಳಿದ್ದೆಲ್ಲ ನಿಜವೇ, ನಿರ್ದೇಶಕ ಫ್ರಿಟ್ಸ್ ಲ್ಯಾಂಗ್ ಅದನ್ನೇನೂ ಬಚ್ಚಿಟ್ಟಿಲ್ಲ. ಆದರೆ ಮುಂದಿನ ಕಾಲದ ಕತೆಯೊಂದರಲ್ಲಿ ಇಷ್ಟೊಂದು ಬೈಬಲ್ ಯಾಕಿದೆ ಅಂತ ಕೇಳುವವರು ಕಮ್ಮಿ. ನನಗೆ ಅನ್ನಿಸುವುದು ಇಷ್ಟು: ಈ ಸಿನಿಮಾದ ಕಸುವು ಬಂದಿರುವುದೇ ಬೈಬಲ್‌ನಿಂದ. ಕಷ್ಟದ ಪ್ರಶ್ನೆ ಎದುರಾದಾಗ ಅದು ತಪ್ಪಿಸಿಕೊಂಡು ಓಡುವುದೂ ಬೈಬಲ್‌ನ ಮರೆಗೇ.

ನೋಡದವರಿಗೆ ಎರಡು ಮಾತು. 1927ರ ಜನವರಿಯಲ್ಲಿ ಬರ್ಲಿನ್‌ನಲ್ಲಿ ಬಿಡುಗಡೆಯಾದ ಮೂಕಿ ಚಿತ್ರ. ಬರೆದದ್ದು ಲ್ಯಾಂಗ್‌ನ ಹೆಂಡತಿ ಥಿಯಾ ಫಾನ್ ಹಾರ್ಬೋ. ನಗರದ ಮೇಲೆ ಸಿರಿವಂತರು, ನೆಲದಡಿಯಲ್ಲಿ ಕಾರ್ಮಿಕರು. ನಗರದ ಒಡೆಯ ಫ್ರೆಡರ್ಸನ್. ಅವನ ಮಗ ಫ್ರೇಡರ್ ಒಂದು ದಿನ, ಕಾರ್ಮಿಕರಿಗೆ ಬೋಧನೆ ಮಾಡುವ ಮರಿಯಾಳನ್ನು ಹುಡುಕಿಕೊಂಡು ಕೆಳಗಿಳಿಯುತ್ತಾನೆ.

ಇಳಿದವನ ಕಣ್ಣೆದುರೇ ಒಂದು ದೊಡ್ಡ ಯಂತ್ರ ಸಿಡಿಯುತ್ತದೆ. ಹಬೆಯ ನಡುವೆ ಆ ಯಂತ್ರ ಅವನಿಗೆ ಬಾಯ್ತೆರೆದ ಮೊಲೊಕ್ ಆಗಿ ಕಾಣಿಸುತ್ತದೆ. ಮೊಲೊಕ್ ಅಂದರೆ ಬೈಬಲ್‌ನಲ್ಲಿ ಮಕ್ಕಳನ್ನು ಬಲಿ ಕೇಳುವ ದೇವತೆ. ಮೆಟ್ಟಿಲುಗಳೇ ಅದರ ನಾಲಗೆ. ಮೊದಲು ಅರೆಬೆತ್ತಲೆ ಗುಲಾಮರನ್ನು ಎಳೆದು ತಂದು ಬಾಯೊಳಗೆ ಎಸೆಯುತ್ತಾರೆ. ಆಮೇಲೆ ಬರುವವರನ್ನು ಗಮನಿಸಿ. ಕಪ್ಪು ಸಮವಸ್ತ್ರದ ಕಾರ್ಮಿಕರು. ಅವರನ್ನು ಯಾರೂ ಎಳೆಯುತ್ತಿಲ್ಲ. ತಾವಾಗಿಯೇ ಸಾಲು ಹಿಡಿದು, ತಲೆ ತಗ್ಗಿಸಿ, ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಾರೆ. ಬಕಾಸುರನ ಕತೆ ಕೇಳಿ ಬೆಳೆದವರಿಗೆ ಇದು ಚೆನ್ನಾಗಿಯೇ ಗೊತ್ತು. ಅಲ್ಲಿಯೂ ಹೆದರಿಸುವುದು ರಾಕ್ಷಸ ಮಾತ್ರ ಅಲ್ಲ, ಊರಿನವರೇ ಒಪ್ಪಿಕೊಂಡ ಸರದಿ. ನೂರು ಭಾಷಣ ಹೇಳಲಾಗದ್ದನ್ನು ಈ ಒಂದು ದೃಶ್ಯ ಹೇಳಿಬಿಡುತ್ತದೆ.

ಬಾಬೆಲ್ ಕತೆಯನ್ನಂತೂ ತಿರುಚಿರುವ ರೀತಿ ಸೊಗಸಾಗಿದೆ. ಬೈಬಲ್‌ನಲ್ಲಿ ಮನುಷ್ಯರು ಮುಗಿಲಿಗೆ ಗೋಪುರ ಕಟ್ಟಲು ಹೊರಡುತ್ತಾರೆ, ದೇವರು ಅವರ ಭಾಷೆ ಕಲಸಿಬಿಡುತ್ತಾನೆ, ಕೆಲಸ ನಿಲ್ಲುತ್ತದೆ. ಮರಿಯಾ ನೆಲಮಾಳಿಗೆಯಲ್ಲಿ ಹೇಳುವ ಕತೆಯಲ್ಲಿ ದೇವರು ಕೈ ಹಾಕುವುದೇ ಇಲ್ಲ. ಗೋಪುರದ ಕನಸು ಕಂಡವರು ಬೇರೆ, ಕಲ್ಲು ಎಳೆಯುವ ಬೋಳುತಲೆಯ ಕೂಲಿಗಳು ಬೇರೆ. ಇಬ್ಬರ ಭಾಷೆಯೂ ಒಂದೇ, ಆದರೂ ಒಬ್ಬರ ಮಾತು ಒಬ್ಬರಿಗೆ ತಿಳಿಯಲಿಲ್ಲ ಅನ್ನುತ್ತಾಳೆ. ಗೋಪುರ ಬೀಳುವುದು ಕೂಲಿಗಳ ಸಿಟ್ಟಿಗೆ. ದೇವರ ಕೋಪದ ಕತೆಯನ್ನು ಕೂಲಿಯ ಕತೆ ಮಾಡಿದ್ದಾರೆ. ಇಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ.

ಈಗ ಗಡಿಯಾರಕ್ಕೆ ಬರೋಣ. ಒಡೆಯನ ನಗರದಲ್ಲಿ ಎರಡು ಗಡಿಯಾರಗಳಿವೆ. ಒಂದರಲ್ಲಿ 24 ಗಂಟೆ, ಇನ್ನೊಂದರಲ್ಲಿ ಬರೀ 10. ಆ ಹತ್ತು ಒಂದು ಪಾಳಿಯ ಲೆಕ್ಕ. ಕೆಳಗೆ ಗಡಿಯಾರದಂಥದ್ದೇ ಒಂದು ಯಂತ್ರದ ಮುಂದೆ 11811 ನಂಬರಿನ ಜಾರ್ಜಿ ಕುಸಿದು ಬೀಳುತ್ತಾನೆ. ಫ್ರೇಡರ್ ಅವನ ಬಟ್ಟೆ ತೊಟ್ಟು ಅಲ್ಲಿ ನಿಲ್ಲುತ್ತಾನೆ. ಮುಳ್ಳುಗಳನ್ನು ಹಿಡಿದು ಎಳೆದೂ ಎಳೆದೂ ಕೊನೆಗೆ ಕೈ ಚಾಚಿ ಅದಕ್ಕೇ ಜೋತುಬೀಳುತ್ತಾನೆ. ಅಪ್ಪಾ, ಈ ಹತ್ತು ಗಂಟೆ ಮುಗಿಯುವುದೇ ಇಲ್ಲವಾ ಅಂತ ಕೂಗುತ್ತಾನೆ. ಎಲ್ಲರಿಗೂ ಇಲ್ಲಿ ಶಿಲುಬೆ ಕಾಣುತ್ತದೆ, ಕಾಣಬೇಕಾದದ್ದೇ. ನನ್ನ ಕಣ್ಣು ಹೋಗುವುದು ಆ ಹತ್ತರ ಮೇಲೆ. 1918ರ ಕ್ರಾಂತಿಯಲ್ಲಿ ಜರ್ಮನಿಯ ಕಾರ್ಮಿಕರಿಗೆ ಎಂಟು ಗಂಟೆಯ ದುಡಿಮೆ ಸಿಕ್ಕಿತ್ತು. 1923ರ ಡಿಸೆಂಬರ್‌ನಲ್ಲಿ ಹೊಸ ಆದೇಶ ಬಂದು ಅದನ್ನು ಹತ್ತಕ್ಕೆ ಏರಿಸಲು ದಾರಿಯಾಯಿತು. ಅಂದರೆ ಬರ್ಲಿನ್ ಪ್ರೇಕ್ಷಕರ ಪಾಲಿಗೆ ಈ ಹತ್ತು ಗಂಟೆ ಮುಂದಿನ ಶತಮಾನದ ಕಲ್ಪನೆಯಲ್ಲ, ಅವತ್ತಿನ ಜಗಳ.

ಅಂಥ ಜಗಳವನ್ನು ಮುಟ್ಟಿದ ಮೇಲೆ ಸಿನಿಮಾ ಏನು ಮಾಡುತ್ತದೆ? ಸುಮ್ನೆ ಸೈತಾನನನ್ನು ಕರೆಯುತ್ತದೆ. ವಿಜ್ಞಾನಿ ರೋಟ್‌ವಾಂಗ್ ತನ್ನ ಯಂತ್ರದ ಹೆಣ್ಣಿಗೆ ಮರಿಯಾಳ ಮುಖ ಕೊಡುತ್ತಾನೆ. ಅವನ ಮನೆಯ ಬಾಗಿಲ ಮೇಲೆ ಐದು ಮೂಲೆಯ ನಕ್ಷತ್ರ, ಮಾಟಗಾರನ ಗುರುತು. ಆ ಸುಳ್ಳು ಮರಿಯಾ ಏಳು ತಲೆಯ ಮೃಗದ ಮೇಲೆ ಕುಳಿತ ಬಾಬಿಲೋನಿನ ವೇಶ್ಯೆಯಾಗಿ ಕಾಣಿಸಿಕೊಳ್ಳುತ್ತಾಳೆ, ಬೈಬಲ್‌ನ ಕೊನೆಯ ಪುಸ್ತಕದಿಂದ ಎದ್ದು ಬಂದ ಹಾಗೆ. (ಬ್ರಿಗಿಟೆ ಹೆಲ್ಮ್ ಎರಡೂ ಪಾತ್ರ ಮಾಡಿದ್ದಾಳೆ. ಆ ಒಂದು ಕಣ್ಣು ಕಿರಿದು ಮಾಡುವ ನೋಟಕ್ಕೇ ಟಿಕೆಟ್ ದುಡ್ಡು ವಸೂಲಿ.) ಯಂತ್ರ ಒಡೆಯಿರಿ ಅಂತ ಜನರನ್ನು ಎಬ್ಬಿಸುವವಳು ಇವಳೇ. ಹಾಗಾಗಿ ಬಂಡಾಯ ಕಾರ್ಮಿಕರದ್ದಲ್ಲ, ಮಾಟದ್ದು. ಹತ್ತು ಗಂಟೆ ದುಡಿದವನಿಗೆ ತನ್ನದೇ ಸಿಟ್ಟು ಇರಬಹುದು ಅನ್ನುವುದನ್ನು ಕತೆ ಒಪ್ಪುವುದೇ ಇಲ್ಲ. ತಾಳಿಕೊಳ್ಳಿ, ಮಧ್ಯಸ್ಥ ಬರುತ್ತಾನೆ ಅನ್ನುವ ಮರಿಯಾ ಸಂತಳು. ಎದ್ದೇಳಿ ಅನ್ನುವ ಮರಿಯಾಳನ್ನು ಕಂಬಕ್ಕೆ ಕಟ್ಟಿ ಸುಡುತ್ತಾರೆ. ಎಂಟು ವರ್ಷದ ಹಿಂದೆ, 1919ರ ಜನವರಿಯಲ್ಲಿ, ಅದೇ ಬರ್ಲಿನ್‌ನಲ್ಲಿ ಕ್ರಾಂತಿಕಾರಿ ನಾಯಕಿ ರೋಸಾ ಲಕ್ಸೆಂಬರ್ಗ್‌ಳನ್ನು ಕೊಂದು ಕಾಲುವೆಗೆ ಎಸೆದಿದ್ದರು. ಲ್ಯಾಂಗ್ ಅದನ್ನೇ ಮನಸ್ಸಲ್ಲಿಟ್ಟಿದ್ದ ಅಂತ ನಾನು ಹೇಳುತ್ತಿಲ್ಲ. ಆದರೆ ಅವತ್ತು ಥಿಯೇಟರಿನಲ್ಲಿ ಕೂತಿದ್ದ ಕೆಲವರಿಗಾದರೂ ಅದು ನೆನಪಾಗದೆ ಇರುತ್ತಾ?

ಇನ್ನು ಆ ಯೇಸುವಿನ ಹೋಲಿಕೆ. ಯೇಸು ಬೇರೆಯವರಿಗಾಗಿ ಸತ್ತ, ಅಲ್ವಾ? ಇಲ್ಲಿ ನೆಲಮಾಳಿಗೆಯಲ್ಲಿ ಕಾರ್ಮಿಕರು ಒಡೆಯನ ಮಗನ ಮೇಲೆ ಏರಿ ಬಂದಾಗ ಅಡ್ಡ ನಿಂತು ಚಾಕುವಿಗೆ ಎದೆಕೊಟ್ಟು ಸಾಯುವವನು ಜಾರ್ಜಿ, ಅದೇ 11811. ಉದ್ಧಾರ ಮಾಡಲು ಬಂದವನನ್ನು ಉಳಿಸಲು ಕಾರ್ಮಿಕನೇ ಸಾಯಬೇಕು! ಈ ಜಾರ್ಜಿಯ ಕತೆಯ ಬಹುಪಾಲು ದಶಕಗಟ್ಟಲೆ ಯಾರಿಗೂ ನೋಡಲು ಸಿಕ್ಕಿರಲಿಲ್ಲ. ಬಿಡುಗಡೆಯಾದ ಸ್ವಲ್ಪ ಕಾಲಕ್ಕೇ ಕತ್ತರಿ ಬಿದ್ದಿತ್ತು. 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಂನಲ್ಲಿ 16 ಎಂಎಂ ಪ್ರತಿಯೊಂದು ಸಿಕ್ಕಿದ ಮೇಲೆ ಅವನು ಮತ್ತೆ ತೆರೆಗೆ ಬಂದ. ನೋಡುವುದಾದರೆ 2010ರ ಆವೃತ್ತಿಯನ್ನೇ ನೋಡಿ.

ತಲೆಗೂ ಕೈಗೂ ನಡುವೆ ಹೃದಯ ಮಧ್ಯಸ್ಥನಾಗಬೇಕು ಅನ್ನುವುದು ಸಿನಿಮಾದ ಘೋಷವಾಕ್ಯ. ಎಷ್ಟೋ ವರ್ಷಗಳ ನಂತರ ಲ್ಯಾಂಗ್ ತಾನೇ ಇದು ಬರೀ ಅಜ್ಜಿಕತೆ ಅಂತ ಒಪ್ಪಿಕೊಂಡ. ಕ್ಯಾಥೆಡ್ರಲ್ ಬಾಗಿಲಲ್ಲಿ ಫ್ರೇಡರ್ ಅಪ್ಪನ ಕೈಯನ್ನೂ ಕಾರ್ಮಿಕರ ಕೈಯನ್ನೂ ಸೇರಿಸುತ್ತಾನೆ. ಪಾಳಿ ಹತ್ತು ಗಂಟೆಯೋ ಎಂಟೋ, ಆ ಮಾತೇ ಎತ್ತುವುದಿಲ್ಲ. ಕಾರ್ಮಿಕರ ಪರವಾಗಿ ಕೈ ಚಾಚುವವನಾದರೂ ಯಾರು? ಫೋರ್‌ಮನ್ ಗ್ರೋಟ್. ಸತ್ತ ಕಾರ್ಮಿಕರ ಜೇಬಿನಲ್ಲಿ ಸಿಕ್ಕ ಗುಟ್ಟಿನ ನಕ್ಷೆಗಳನ್ನು ಸಿನಿಮಾದ ಶುರುವಿನಲ್ಲೇ ಒಡೆಯನ ಮೇಜಿಗೆ ತಂದು ಒಪ್ಪಿಸಿದವನು ಇವನೇ.