“ಹಳೇ ಗಾಡಿ ಅಲ್ವಾ ಗೌಡ್ರೇ” ಅಂತ ಇನ್ನೊಂದು ಸಲ ಹೇಳಿ ನೋಡಿ

ಹೌದು ಮಾರಾಯ್ರೆ, ಹಳೇ ಗಾಡಿಯೇ. 1998ರ ಮಾರುತಿ ಓಮ್ನಿ ವ್ಯಾನು, ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸೋ ಭಾಗ) ಇರೋದು. ಹಿಂದಿನ ಸೀಟು ಕಿತ್ತು ಅಟ್ಟಕ್ಕೆ ಹಾಕಿ ಎಷ್ಟೋ ವರ್ಷ ಆಯಿತು. ಮೈಲುತುತ್ತ, ಸುಣ್ಣ, ಗೊಬ್ಬರದ ಚೀಲ, ಅಡಿಕೆ ಮೂಟೆ, ಒಮ್ಮೆ ಒಂದು ಕರು ಕೂಡ ಇದರಲ್ಲೇ ಬಂದಿದೆ. ಹಳೇದು ಅನ್ನೋದು ನನಗೂ ಗೊತ್ತು. ಅದನ್ನು ಕೇಳಿಸಿಕೊಳ್ಳೋಕೆ ದುಡ್ಡು ಕೊಟ್ಟು ಗ್ಯಾರೇಜಿಗೆ ಹೋಗಬೇಕಾ?

ಶುರುವಾಗಿದ್ದು ಜೂನ್ ಕೊನೆಗೆ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮೈಲುತುತ್ತ-ಸುಣ್ಣದ ಔಷಧಿ ಹೊಡೆಸುವ ಹೊತ್ತು. ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡರನ್ನು ಹಿಡಿದು ತರೋದೇ ಒಂದು ತಪಸ್ಸು, ಮಳೆ ಎರಡು ದಿನ ಹೊಳವು ಕೊಟ್ಟರೆ ಅದೇ ಪುಣ್ಯ. ಅಂಥ ದಿನವೇ ಗಾಡಿ ಮಿಸ್ಸಿಂಗ್ ಹೊಡೆಯೋಕೆ ಶುರು ಮಾಡಿತು. ಓಮ್ನಿಗೆ ಇರೋದೇ ಮೂರು ಸಿಲಿಂಡರ್, 796 ಸಿಸಿ. ಅದರಲ್ಲಿ ಒಂದು ಕೈ ಕೊಟ್ಟರೆ ಗಾಡಿ ಓಡೋದಿಲ್ಲ, ನಡುಗುತ್ತದೆ. ಇಂಜಿನ್ ಬೇರೆ ಸೀಟಿನ ಕೆಳಗೇ. ಕುಂಡೆಯ ಕೆಳಗೆ ಯಾರೋ ಕುಂಟುತ್ತಾ ಭತ್ತ ಕುಟ್ಟಿದ ಹಾಗೆ ಇತ್ತು.

ಮೊದಲನೇ ಗ್ಯಾರೇಜಿನವನು ಕೀಲಿ ತಿರುಗಿಸುವ ಮುಂಚೆಯೇ ಕಾರಣ ಹೇಳಿಬಿಟ್ಟ. “ಪೆಟ್ರೋಲ್ ಸರಿಯಿಲ್ಲ ಗೌಡ್ರೇ, ಎಥನಾಲ್ ಹಾಕ್ತಾರಲ್ಲ.” ಈಗಂತೂ ಎಲ್ಲದಕ್ಕೂ ಎಥನಾಲೇ ಕಾರಣ, ಚಾ ಅಂಗಡಿಯಲ್ಲೂ ಅದೇ ಮಾತು. 20% ಎಥನಾಲ್ ಹಳೇ ಗಾಡಿಯ ರಬ್ಬರ್ ಪೈಪಿಗೆ ಒಳ್ಳೆಯದಲ್ಲ, ನೀರು ಎಳೆದುಕೊಳ್ಳುತ್ತೆ, ಒಪ್ಪುತ್ತೇನೆ. ಆದರೆ ಮೂರು ಸಿಲಿಂಡರಿಗೂ ಹೋಗೋದು ಒಂದೇ ಟ್ಯಾಂಕಿನ ಪೆಟ್ರೋಲ್ ಅಲ್ವಾ? ಒಂದಕ್ಕೆ ಮಾತ್ರ ಹೇಗೆ ಅಜೀರ್ಣ ಆಯಿತು? ಕೇಳಿದೆ. ಉತ್ತರ ಇಲ್ಲ. ಪೆಟ್ರೋಲಿಗೆ ಕಿಡಿ ಕೊಡೋ ಪ್ಲಗ್ ಮೂರೂ ಹೊಸದು ಹಾಕಿ ಬಿಲ್ ಕೊಟ್ಟ.

ಹಳೇ ಪ್ಲಗ್‌ಗಳನ್ನು ನಾನು ಚೀಲಕ್ಕೆ ಹಾಕಿಕೊಂಡೆ. ಮನೆಗೆ ಬಂದು ನೋಡಿದರೆ ಎರಡು ಚೆಂದ ಬಿಸ್ಕತ್ತಿನ ಬಣ್ಣ, ಇನ್ನೊಂದು ಮಸಿ ಹಿಡಿದು ಪೆಟ್ರೋಲಿನಲ್ಲಿ ಒದ್ದೆ. ಅಂದರೆ ಅಲ್ಲಿ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ರೋಗ ಎಲ್ಲಿದೆ ಅಂತ ಪ್ಲಗ್ಗೇ ಬಾಯಿಬಿಟ್ಟು ಹೇಳುತ್ತಿದೆ. ಆ ಮನುಷ್ಯ ಬಿಚ್ಚಿ, ನೋಡದೆ, ಕಸದ ಡಬ್ಬಕ್ಕೆ ಹಾಕೋಕೆ ಹೊರಟಿದ್ದ!

ನಾಲ್ಕನೇ ದಿನ ಮತ್ತೆ ಅದೇ ಕುಂಟಾಟ. ಎರಡನೇ ಗ್ಯಾರೇಜು. ಇವನು ಇನ್ನೂ ದೊಡ್ಡ ಪಂಡಿತ. ಕಾರ್ಬೊರೇಟರ್ ಬಿಚ್ಚಿ ತೊಳೆದ, 1,200 ರೂಪಾಯಿ. “ಪಿಕಪ್ಪೂ ಮಾಡಿಕೊಟ್ಟಿದೀನಿ, ನೋಡಿ ಹೆಂಗೆ ಎಳೆಯುತ್ತೆ” ಅಂದ. ಏನು ಮಾಡಿದೆ ಮಾರಾಯ ಅಂದರೆ ನಗುತ್ತಾನೆ. ಅವತ್ತು ಮೂರು ಮೂಟೆ ಸುಣ್ಣ ಹೇರಿಕೊಂಡು ಮೇಗರವಳ್ಳಿ ಕಡೆ ಏರು ಹತ್ತುವಾಗ ಸೀಟಿನ ಕೆಳಗೆ ಹೊಸ ಸದ್ದು. ಡಬ್ಬಿಯೊಳಗೆ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ, ಟಿಣ್ ಟಿಣ್ ಟಿಣ್. ಆಕ್ಸಿಲೇಟರ್ ಬಿಟ್ಟರೆ ನಿಲ್ಲುತ್ತದೆ, ಒತ್ತಿದರೆ ಮತ್ತೆ. ಮಿಸ್ಸಿಂಗ್ ಹೋಗಲಿಲ್ಲ, ಜೊತೆಗೆ ಈ ಟಿಣ್ ಟಿಣ್, ಅಂದರೆ ನಾಕಿಂಗ್, ಉಚಿತ.

ಮಿಸ್ಸಿಂಗ್ ಸಿಕ್ಕಿದ್ದು ಯಾವ ಗ್ಯಾರೇಜಿನಲ್ಲೂ ಅಲ್ಲ, ನಮ್ಮ ಕೊಟ್ಟಿಗೆ ಮುಂದೆ. ಸಂಜೆ ಮಳೆಗೆ ಕರೆಂಟ್ ಹೋಗಿತ್ತು. ಬಾವ ಬಂದಿದ್ದರು. “ಕತ್ತಲೆ ಆಗಿದ್ದು ಒಳ್ಳೇದಾಯ್ತು, ಟಾರ್ಚ್ ಆರಿಸು, ಸೀಟ್ ಎತ್ತು” ಅಂದರು. ಇಂಜಿನ್ ಓಡುತ್ತಲೇ ಇತ್ತು. ಪ್ಲಗ್ ವೈರುಗಳ ಮೇಲೆ ತುಸು ನೀರು ಚಿಮುಕಿಸಿದರು. ನೋಡಬೇಕಿತ್ತು ನೀವು! ನಡುವಿನ ವೈರಿನಿಂದ ನೀಲಿ ಕಿಡಿ ಹಾರಿ ಹಾರಿ ಇಂಜಿನ್ ಬಾಡಿಗೆ ಬಡಿಯುತ್ತಿತ್ತು, ಪ್ಲಗ್ಗಿಗೆ ಹೋಗಬೇಕಾದ ಕರೆಂಟ್ ಅರ್ಧ ದಾರಿಯಲ್ಲೇ ಸೋರುತ್ತಿತ್ತು. ವೈರಿನ ರಬ್ಬರ್ ಒಣಗಿ ಸೀಳಿದೆ, ಅಷ್ಟೇ. ಬಿಸಿಲಿನಲ್ಲಿ ಸುಮ್ನೆ ಇರುತ್ತೆ, ಕೆಸರು ನೀರು ಎರಚಿದ ಕೂಡಲೇ ಕೈ ಕೊಡುತ್ತೆ. ಒದ್ದೆ ಪ್ಲಗ್ ಇದ್ದಿದ್ದೂ ಅದೇ ಸಿಲಿಂಡರಿನಲ್ಲಿ. ಐದು ನಿಮಿಷದ ಕೆಲಸ, ಒಂದು ಚೊಂಬು ನೀರು.

ವೈರ್ ಸೆಟ್ ತರೋಕೆ ಶಿವಮೊಗ್ಗಕ್ಕೆ ಹೋದೆ. ಅರುವತ್ತು ಕಿಲೋಮೀಟರ್, ಬಸ್ಸಿನಲ್ಲಿ. ಅಂಗಡಿಯಾತ ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರಿನ ಕ್ಯಾಪೂ ಬದಲಾಯಿಸಿ ಅಂದ, ಅದನ್ನೂ ತಂದೆ. ಹಾಕಿದ ಮೇಲೆ ಮಿಸ್ಸಿಂಗ್ ಮಾಯ.

ಟಿಣ್ ಟಿಣ್ ಹಾಗೇ ಇತ್ತು. ಮತ್ತೆ ಎರಡನೇ ಪಂಡಿತನ ಹತ್ತಿರ. “ಹಳೇ ಗಾಡಿ ಅಲ್ವಾ ಗೌಡ್ರೇ, ಅಷ್ಟು ಸದ್ದು ಇದ್ದೇ ಇರುತ್ತೆ. ಇಲ್ಲಾಂದ್ರೆ ಪೆಟ್ರೋಲ್.” ಮತ್ತೆ ಪೆಟ್ರೋಲ್! ಎಥನಾಲಿನ ಆಕ್ಟೇನ್ (ನಾಕಿಂಗ್ ತಡೆಯೋ ಶಕ್ತಿಯ ಅಳತೆ) 100ಕ್ಕಿಂತ ಜಾಸ್ತಿ, ಅದು ಸೇರಿದರೆ ನಾಕಿಂಗ್ ಕಡಿಮೆ ಆಗಬೇಕು ಕಣಯ್ಯಾ ಅಂದೆ. ನನ್ನನ್ನು ಹುಚ್ಚನ ಹಾಗೆ ನೋಡಿದ. ಬಗ್ಗಿ ನೋಡಿದರೆ ಡಿಸ್ಟ್ರಿಬ್ಯೂಟರಿನ ಬೋಲ್ಟಿನ ಮೇಲೆ ಹೊಸ ಸ್ಪ್ಯಾನರ್ ಗೀರು. ಅಲ್ಲಿಗೆ ಗೊತ್ತಾಯಿತು ಅವನ ‘ಪಿಕಪ್’ ಏನು ಅಂತ. ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್, ಅಂದರೆ ಕಿಡಿ ಬೀಳೋ ಹೊತ್ತು, ಬೇಗ ಮಾಡಿಟ್ಟಿದ್ದಾನೆ. ಪಿಸ್ಟನ್ ಮೇಲೆ ಬರುವ ಮುಂಚೆಯೇ ಕಿಡಿ ಬೀಳೋದು ಸರಿಯೇ, ಆದರೆ ಅದಕ್ಕೂ ಒಂದು ಲೆಕ್ಕ ಇದೆ. ತೀರಾ ಬೇಗ ಬಿದ್ದರೆ ಪಿಸ್ಟನ್ ಇನ್ನೂ ಏರುತ್ತಿರುವಾಗಲೇ ಮೇಲಿನಿಂದ ಒತ್ತಡ ಬೀಳುತ್ತೆ, ಉಳಿದ ಪೆಟ್ರೋಲ್ ತಾನೇ ಹೊತ್ತಿಕೊಂಡು ಬಡಿಯುತ್ತೆ. ಖಾಲಿ ಗಾಡಿಯಲ್ಲಿ ಗೊತ್ತಾಗಲ್ಲ, ಲೋಡ್ ಹಾಕಿ ಏರು ಹತ್ತಿದರೆ ಗೊತ್ತಾಗುತ್ತೆ. ಹೀಗೇ ಓಡಿಸಿದರೆ ಪಿಸ್ಟನ್ನಿಗೇ ತೂತು ಬೀಳಬಹುದು.

ಕಿಡಿಯ ಹೊತ್ತು ತೋರಿಸೋ ಟೈಮಿಂಗ್ ಲೈಟ್ ಹಾಕಿ ನೋಡು ಅಂದೆ. “ಅದೆಲ್ಲ ಯಾಕೆ ಗೌಡ್ರೇ, ನಾನು ಕಿವೀಲೇ ಇಡ್ತೀನಿ.” ಆ ಕಿವಿಗೆ ಟಿಣ್ ಟಿಣ್ ಕೇಳಿಸಿರಲಿಲ್ಲ ನೋಡಿ.

ಕೊನೆಗೆ ಶಿವಮೊಗ್ಗದಲ್ಲಿ ಒಬ್ಬ ವಯಸ್ಸಾದವರು ಲೈಟ್ ಹಿಡಿದು ಟೈಮಿಂಗ್ ಸರಿಯಾಗಿ ಇಟ್ಟುಕೊಟ್ಟರು. 150 ರೂಪಾಯಿ ತಗೊಂಡರು. ಅಲ್ಲಿಗೆ ಒಟ್ಟು ಖರ್ಚು 4,000 ದಾಟಿತ್ತು, ಅದರಲ್ಲಿ ಅರ್ಧ ಬೇಡದ ಕೆಲಸಕ್ಕೆ. ಕೊನೆಗೌಡರು ಅಷ್ಟರಲ್ಲಿ ಬೇರೆ ತೋಟಕ್ಕೆ ಹೋಗಿಯಾಗಿತ್ತು. ಎರಡನೇ ಸಲದ ಔಷಧಿ ಹನ್ನೆರಡು ದಿನ ತಡ. ಕೆಳಗಿನ ತೋಟದಲ್ಲಿ ಕೊಳೆ ಬಂದು ಕಾಯಿ ಉದುರಿದ್ದಕ್ಕೆ ಯಾರಿಗೆ ಬಿಲ್ ಕೊಡಲಿ?

ನಿನ್ನೆ ಎರಡನೇ ಗ್ಯಾರೇಜಿನವನ ಫೋನ್. “ಗೌಡ್ರೇ, ಕಾರ್ಬೊರೇಟರ್ ದುಡ್ಡಲ್ಲಿ 300 ಬಾಕಿ ಇತ್ತಲ್ಲ.” ಬಾ, ಕೊಡ್ತೀನಿ, ಬರುವಾಗ ಟೈಮಿಂಗ್ ಲೈಟ್ ಹಿಡಿದುಕೊಂಡು ಬಾ ಅಂದೆ. ಹಲೋ ಹಲೋ ಅಂದ, ನೆಟ್‌ವರ್ಕ್ ಇಲ್ಲವಂತೆ.