ಸತ್ಯಾಂಶ: ರೆಟಿನಾ ಆಪರೇಷನ್ ಆದರೆ ಕಾರ್ನಿಯಾ ಕಾಯಂ ಸೊಟ್ಟಗಾಗುತ್ತಾ?

"ರೆಟಿನಾ ಆಪರೇಷನ್ ಮಾಡಿಸಿದ್ರೆ ಕಾರ್ನಿಯಾ ಸೊಟ್ಟಗಾಗುತ್ತೆ, ಆಮೇಲೆ ಯಾವ ಕನ್ನಡಕವೂ ಹೊಂದಲ್ಲ." ದಾವಣಗೆರೆ, ಹರಿಹರದ ಕಡೆ ಓಡಾಡುತ್ತಿರುವ ಈ ವಾಟ್ಸಾಪ್ ಸಂದೇಶದಲ್ಲಿ ಒಂದೆಳೆ ನಿಜವಿದೆ. ಎಲ್ಲರಿಗೂ ಕಾಯಂ, ಯಾವ ಕನ್ನಡಕವೂ ಹೊಂದಲ್ಲ ಅನ್ನುವುದು ಸುಳ್ಳು. ಕಾರ್ನಿಯಾ ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ; ರೆಟಿನಾ ಅಂದರೆ ಕಣ್ಣೊಳಗೆ ಹಿಂಬದಿಯಲ್ಲಿ ಬೆಳಕು ಗ್ರಹಿಸುವ ಪರದೆ.

ವಿಟ್ರೆಕ್ಟಮಿ, ಅಂದರೆ ಕಣ್ಣೊಳಗಿನ ಲೋಳೆ ತೆಗೆದು ರೆಟಿನಾ ಸರಿಪಡಿಸುವ ಆಪರೇಷನ್‌ನಲ್ಲಿ ಉಪಕರಣ ಒಳಹೋಗುವುದು ಕಾರ್ನಿಯಾದಿಂದಲ್ಲ. ಅದರ ಅಂಚಿನಿಂದ 3.5–4 ಮಿ.ಮೀ. ಹಿಂದೆ, ಬಿಳಿಗುಡ್ಡೆಯಲ್ಲಿ. ಹಳೆಯ 20 ಗೇಜ್ (ಉಪಕರಣದ ದಪ್ಪದ ಅಳತೆ; ಸಂಖ್ಯೆ ಏರಿದಷ್ಟೂ ತೆಳು) ವಿಧಾನದ ಸುಮಾರು 0.9 ಮಿ.ಮೀ. ಗಾಯಕ್ಕೆ ಹೊಲಿಗೆ ಬೇಕು. ಹೊಲಿಗೆ ಎಳೆದ ದಿಕ್ಕಿನಲ್ಲಿ ಕಾರ್ನಿಯಾದ ಬಾಗು ಹೆಚ್ಚುತ್ತದೆ, ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಪವರ್ (ಬಾಗು ಎಲ್ಲ ದಿಕ್ಕಿಗೂ ಒಂದೇ ಇಲ್ಲದ್ದನ್ನು ಸರಿಪಡಿಸುವ ಪವರ್) ಏರುತ್ತದೆ. ದಾರ ಕರಗಿದಂತೆ, ಸಾಮಾನ್ಯವಾಗಿ ಮೂರು ತಿಂಗಳೊಳಗೆ, ಬಾಗು ಬಹುತೇಕ ಮೊದಲಿನಂತಾಗುತ್ತದೆ. ಈಗಿನ 25 ಗೇಜ್ ತೂತು ಅರ್ಧ ಮಿ.ಮೀ. ಅಷ್ಟೇ. ಸೋರದಿದ್ದರೆ ಹೊಲಿಗೆಯೇ ಇಲ್ಲ, ಬಾಗಿನ ಬದಲಾವಣೆಯೂ ಅತ್ಯಲ್ಪ.

ಕಳಚಿದ ರೆಟಿನಾ ಕೂರಿಸಲು ಗುಡ್ಡೆಯ ಹೊರಗಿನಿಂದ ಮಾಡುವ ಸ್ಕ್ಲೆರಲ್ ಬಕಲ್ ಆಪರೇಷನ್ ಕಥೆ ಬೇರೆ. ಗುಡ್ಡೆಯ ಸುತ್ತ ಸಿಲಿಕೋನ್ ಪಟ್ಟಿ ಬಿಗಿದಾಗ ಗುಡ್ಡೆಯೇ ತುಸು ಉದ್ದವಾಗಿ ಮೈನಸ್ ಪವರ್ 2–3ರಷ್ಟು ಏರಬಹುದು, ಅದು ಉಳಿಯಲೂಬಹುದು. ಒಂದೇ ಕಡೆ ಕೂರಿಸಿದ ಬಕಲ್ ತುಂಡಿನಿಂದ ಕೆಲವರಿಗೆ ಸಿಲಿಂಡರ್ ಕೂಡ ಉಳಿಯುತ್ತದೆ. ಸಾಮಾನ್ಯವಾಗಿ ಎರಡನ್ನೂ ಕನ್ನಡಕ ಸರಿಪಡಿಸುತ್ತದೆ. ಅಷ್ಟಾದರೂ ಮಂಜಾಗಿ ಕಂಡರೆ ಕಾರಣ ಹೆಚ್ಚಾಗಿ ರೆಟಿನಾದಲ್ಲೋ ಪೊರೆಯಲ್ಲೋ ಇರುತ್ತದೆ; ಪಾಪ, ಬೈಗುಳ ಮಾತ್ರ ಕಾರ್ನಿಯಾಕ್ಕೆ.

ಆಪರೇಷನ್ ಆದ ವಾರಕ್ಕೇ ದಾವಣಗೆರೆಯ ಪಿ.ಜೆ. ಬಡಾವಣೆಗೆ ಹೋಗಿ ಹೊಸ ಕನ್ನಡಕ ಮಾಡಿಸಿದರೆ ದುಡ್ಡು ದಂಡ. ಎರಡು ತಪಾಸಣೆಗಳಲ್ಲಿ ಪವರ್ ಒಂದೇ ಬರುವವರೆಗೆ ಕಾಯಿರಿ. ರೆಟಿನಾ ಒತ್ತಿಹಿಡಿಯಲು ಕಣ್ಣೊಳಗೆ ಸಿಲಿಕೋನ್ ಎಣ್ಣೆ ತುಂಬಿದ್ದರೆ ಅದನ್ನು ತೆಗೆದ ಮೇಲೆ ಪವರ್ ಮತ್ತೆ ಬದಲಾಗುತ್ತದೆ.

ಕಾಯಬಾರದ್ದು ಒಂದಿದೆ: ಕಣ್ಣಲ್ಲಿ ಮಿಂಚು, ದಿಢೀರನೆ ಕಪ್ಪು ಚುಕ್ಕಿಗಳು, ಪರದೆ ಇಳಿದಂತಾದರೆ ಅದೇ ದಿನ ರೆಟಿನಾ ತಜ್ಞರ ಬಳಿ ಹೋಗಿ.