ಪಡ್ಡಿನ ಹಂಚಿನಲ್ಲಿ ಬೋನ್ಸಾಯ್

ದೀಪಾವಳಿ ಕಳೆದ ವಾರಕ್ಕೆ ಅವ್ವ ಕೊತ್ತಂಬರಿ ಸೊಪ್ಪು ತೆಗೆಯೋಕೆ ಫ್ರಿಜ್ ಬಾಗಿಲು ತೆರೆದಳು. ಸೊಪ್ಪಿನ ಬದಲು ಕೈಗೆ ಸಿಕ್ಕಿದ್ದು ಒದ್ದೆ ಮರಳು ತುಂಬಿದ ಪ್ಲಾಸ್ಟಿಕ್ ಕವರ್.

"ಫ್ರಿಜ್ಜಿನಾಗೆ ಉಸುಕು ಯಾಕಿಟ್ಟೀಯಪ್ಪಾ?"

"ಅದ್ರಾಗೆ ಬೀಜ ಐತವ್ವಾ. ಅದಕ್ಕೆ ಚಳಿಗಾಲ ತೋರಿಸ್ತಾ ಇದೀನಿ."

ಅವ್ವ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಇದೆಲ್ಲ ಶುರುವಾಗಿದ್ದು ಮೊಬೈಲಿನಲ್ಲಿ ನೋಡಿದ ಒಂದು ಪೈನ್ ಮರದಿಂದ. ಜಪಾನಿನ ಯಮಾಕಿ ಎಂಬ ಮನೆತನದವರು ಸಾಕಿದ ಬೋನ್ಸಾಯ್. 1625ರಿಂದ ಕುಂಡದಲ್ಲೇ ಇದೆ. ಅಂದರೆ ನಮ್ಮ ದುರ್ಗದಲ್ಲಿ ನಾಯಕರು ಆಳುತ್ತಿದ್ದಾಗ ಅದಾಗಲೇ ಸಸಿ. 1945ರಲ್ಲಿ ಹಿರೋಷಿಮಾ ಮೇಲೆ ಅಣುಬಾಂಬ್ ಬಿದ್ದಾಗ ಮೂರೇ ಕಿಲೋಮೀಟರ್ ಆಚೆ ಇತ್ತಂತೆ. ಏನೂ ಆಗಲಿಲ್ಲ. 1976ರಲ್ಲಿ ಅಮೆರಿಕಕ್ಕೆ ಉಡುಗೊರೆಯಾಗಿ ಹೋಗಿ ಈಗಲೂ ವಾಷಿಂಗ್ಟನ್ನಿನಲ್ಲಿ ಹಸಿರಾಗಿದೆ. ಬಾಂಬಿಗೇ ಜಗ್ಗದ ಗಿಡ ದಾವಣಗೆರೆ ಬಿಸಿಲಿಗೆ ಜಗ್ಗುತ್ತಾ ಅಂದುಕೊಂಡು ರಾತ್ರಿ ಹನ್ನೊಂದೂವರೆಗೆ ಆರ್ಡರ್ ಮಾಡಿಬಿಟ್ಟೆ. ರಾತ್ರಿ ಹತ್ತರ ಮೇಲೆ ಮನುಷ್ಯ ಏನನ್ನೂ ಆರ್ಡರ್ ಮಾಡಬಾರದು.

ಪ್ಯಾಕೆಟ್ ಬಂತು. ಮೇಲೆ ನೀಲಿ ಎಲೆಯ ಮೇಪಲ್ ಮರದ ಚಿತ್ರ, ಕೆಳಗೆ 'ಬೋನ್ಸಾಯ್ ಬೀಜ, 20' ಎಂಬ ಬರಹ. ಮಗಳು ಅದನ್ನು ನೋಡಿದ್ದೇ, "ಅಪ್ಪಾ, ಮೇಪಲ್ ಎಲೆ ನೀಲಿ ಇರಲ್ಲ. ಬೋನ್ಸಾಯ್ ಬೀಜ ಅಂತಾನೂ ಬೇರೆ ಇರಲ್ಲ. ಯಾವ ಮರದ ಬೀಜ ಆದ್ರೂ ನಡೆಯುತ್ತೆ, ಕುಂಡದಲ್ಲಿ ಕತ್ತರಿಸಿ ಬಗ್ಗಿಸಿ ಬೆಳೆಸೋದಷ್ಟೆ" ಅಂದಳು. ನಮ್ಮನೆಯಾಕೆ ಯಾವ ಖರ್ಚನ್ನೂ ರೂಪಾಯಿಯಲ್ಲಿ ಎಣಿಸುವುದಿಲ್ಲ. "ಆರು ಪ್ಲೇಟ್ ಬೆಣ್ಣೆ ದೋಸೆ ಹೋಯ್ತು ನೋಡ್ರೀ" ಅಂದಳು.

ಕತ್ತರಿಸಿ ಬಗ್ಗಿಸೋ ವಿಷಯ ಅವ್ವನಿಗೂ ತಿಳಿಸಿದೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನು ಅಂತ ನಮ್ಮೋರು ಯಾವಾಗ್ಲೋ ಹೇಳ್ಯಾರೆ" ಅಂದಳು. ಹೇಳುವಾಗ ನೋಡಿದ್ದು ಮಾತ್ರ ನನ್ನನ್ನು.

ದುಡ್ಡು ಕೊಟ್ಟಾಗಿದೆ, ಬಿಡೋಕಾಗುತ್ತಾ? ಮೇಪಲ್ ಹಿಮ ಬೀಳುವ ಸೀಮೆಯ ಮರ. ಒಂದು ಚಳಿಗಾಲ ಕಳೆಯಿತು ಅಂತ ಖಾತ್ರಿಯಾಗುವವರೆಗೆ ಅದರ ಬೀಜ ಮೊಳೆಯುವುದಿಲ್ಲ. ನಾಲ್ಕೈದು ಡಿಗ್ರಿ ತಂಪಿನಲ್ಲಿ, ಒದ್ದೆ ಮರಳಿನಲ್ಲಿ ಸುಮಾರು 90 ದಿನ ಮಲಗಿಸಬೇಕು. ವಸಂತಕ್ಕೆ ಮುಂಚೆ ಒಳಗೇ ಬೆಚ್ಚಗಿಟ್ಟು ಎಬ್ಬಿಸಬೇಕು. ನಮ್ಮೂರಿನ ಚಳಿಗೆ ಸ್ವೆಟರ್ ಹಾಕಿದರೆ ಹತ್ತು ಗಂಟೆಗೆ ಬಿಚ್ಚಬೇಕು. ಹಾಗಾಗಿ ಫ್ರಿಜ್ಜೇ ಗತಿ. ಮರಳನ್ನು ಹರಿಹರಕ್ಕೆ ಹೋದಾಗ ತುಂಗಭದ್ರೆಯ ದಂಡೆಯಿಂದ ಎರಡು ಹಿಡಿ ತಂದಿದ್ದೆ. "ರಾಯಲ್ಟಿ ಕಟ್ಟಿದ್ದೀರಾ?" ಅಂತ ಭಾವ ಕೇಳಿದ.

ಮರಳಿಗೆ ಹಾಕುವ ಮುಂಚೆ ಬೀಜಗಳನ್ನು ಒಂದು ರಾತ್ರಿ ನೀರಲ್ಲಿ ನೆನೆಸಿದ್ದೆ. ಬೆಳಗ್ಗೆ ನೋಡಿದರೆ 17 ತೇಲುತ್ತಿದ್ದವು, ಮುಳುಗಿದ್ದು ಮೂರು. "ತೇಲೋದೆಲ್ಲ ಜೊಳ್ಳು, ಚೆಲ್ಲು" ಅಂದಳು ಅವ್ವ. ಜಪಾನಿನವರ ಪಾಠದಲ್ಲೂ ಅದೇ ಇತ್ತು. ನಾನೇ ಕೇಳದೆ ಇಪ್ಪತ್ತನ್ನೂ ಹಾಕಿದೆ. ಮೂರು ತಿಂಗಳು ಆ 17 ಜೊಳ್ಳುಗಳು ದೋಸೆ ಹಿಟ್ಟಿನ ಪಕ್ಕ ತಂಪಾಗಿ ಮಲಗಿದ್ದವು.

ಅಷ್ಟರಲ್ಲಿ ಅವ್ವ ಹೊಸ ಹುಣಸೆಹಣ್ಣು ಬಿಡಿಸೋಕೆ ಕೂತಳು. ಬೀಜದ ರಾಶಿ ನೋಡಿ ನನಗೂ ಸ್ವಲ್ಪ ಬುದ್ಧಿ ಬಂತು. ಹುಣಸೆಯಿಂದ ಚೆಂದದ ಬೋನ್ಸಾಯ್ ಆಗುತ್ತೆ. ಸಣ್ಣ ಎಲೆ, ಒರಟು ತೊಗಟೆ, ಬಿಸಿಲಿಗೂ ಹೆದರಲ್ಲ. ಜೊತೆಗೆ ಗುಲ್‌ಮೊಹರ್ ಬೀಜವನ್ನೂ ಆರಿಸಿ ತಂದೆ. ಚಿಕ್ಕಂದಿನಲ್ಲಿ ಅದರ ಕಾಯಿ ಹಿಡಿದು ಯುದ್ಧ ಮಾಡುತ್ತಿದ್ದೆವು, ಕತ್ತಿಕಾಯಿ ಅಂತಿದ್ದೆವು. ಎರಡರ ಸಿಪ್ಪೆಯೂ ಕಲ್ಲಿನಂತೆ ಗಟ್ಟಿ. ಒಂದು ಕಡೆ ಉಜ್ಜಿ ತೆಳು ಮಾಡಿ, ಬಿಸಿನೀರಲ್ಲಿ ನೆನೆಹಾಕಬೇಕು.

ಎಷ್ಟು ಉಜ್ಜಿದರೆ ಸಾಕು ಅಂತ ಪರೀಕ್ಷೆ ಮಾಡಲು ನನಗೆ ಬೇರೆ ಬೇರೆ ಬಟ್ಟಲು ಬೇಕಿತ್ತು. ಅಡುಗೆಮನೆಯಲ್ಲಿ ಪಡ್ಡಿನ ಹಂಚು ಕಂಡಿತು. ಹನ್ನೆರಡು ಗುಳಿ, ಹನ್ನೆರಡು ಪ್ರಯೋಗ! ಇದಕ್ಕಿಂತ ಒಳ್ಳೆ ಲ್ಯಾಬ್ ಎಲ್ಲಿ ಸಿಗುತ್ತೆ? ಗುಳಿಗೆ ನಾಲ್ಕರಂತೆ ಬೀಜ ಹಾಕಿ, ಬಿಸಿನೀರು ಹೊಯ್ದು, ನೆಮ್ಮದಿಯಾಗಿ ಮಲಗಿದೆ.

ಅದು ಬೀಡಿನ ಹಂಚು. ಅತ್ತೆ ಕೊಟ್ಟಿದ್ದು. ವರ್ಷಾನುಗಟ್ಟಲೆ ಎಣ್ಣೆ ಕುಡಿದು ಪಳಗಿದ್ದು. ಬೆಳಗ್ಗೆ ಬೀಜ ತೆಗೆದಾಗ ಹನ್ನೆರಡು ಗುಳಿಯಲ್ಲೂ ತುಕ್ಕಿನ ಕೆಂಪು ಉಂಗುರ. ಸದ್ದಿಲ್ಲದೆ ತೊಳೆದು ಒರೆಸಿ ಅದರ ಜಾಗದಲ್ಲೇ ಇಟ್ಟೆ. ಭಾನುವಾರ ಪಡ್ಡು ಹೊಯ್ದರೆ ಒಂದೂ ಏಳಲಿಲ್ಲ. ಕಡ್ಡಿ ಚುಚ್ಚಿ ತಿರುವಿದರೆ ಮೇಲಿನ ಟೊಪ್ಪಿಗೆ ಮಾತ್ರ ಬರುತ್ತೆ, ತಳ ಹಂಚಿಗೇ. "ಹಿಟ್ಟು ಹುಳಿ ಸಾಲ್ದೇನೋ" ಅಂದೆ ಸುಮ್ನಿರಲಾರದೆ. ನಮ್ಮನೆಯಾಕೆ ಕಡ್ಡಿಯ ತುದಿಯಿಂದ ಒಂದು ಗುಳಿಯ ಮೂಲೆ ಕೆರೆದಳು. ಹುಣಸೆ ಬೀಜದ ಕಂದು ಸಿಪ್ಪೆಯೊಂದು ಎದ್ದು ಬಂತು. ಅದನ್ನು ಅಂಗೈಯಲ್ಲಿಟ್ಟು ನನ್ನ ಮುಖದ ಮುಂದೆ ಹಿಡಿದಳು. ಆ ವಾರವೆಲ್ಲ ಹಂಚಿಗೆ ಎಣ್ಣೆ ಸವರಿ, ಈರುಳ್ಳಿ ಉಜ್ಜಿ ಪಳಗಿಸುವ ಕೆಲಸ ನನ್ನದಾಯಿತು.

ಫೆಬ್ರವರಿಯಲ್ಲಿ ಚಿಕ್ಕ ಕೋಣೆಯೊಳಗೆ ಟ್ರೇ ಜೋಡಿಸಿದೆ. ನಮ್ಮೂರಲ್ಲಿ ಒಂದು ಗಾಜಿನ ಮನೆ ಇದೆ. ನನ್ನದು ಮಂಡಕ್ಕಿ ಚೀಲದ ಮನೆ. ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಟ್ರೇ ಮೇಲೆ ಕವುಚಿದರೆ ಒಳಗೆ ತೇವ ನಿಲ್ಲುತ್ತೆ. ತಳದಲ್ಲಿ ಉಳಿದಿದ್ದ ಮಂಡಕ್ಕಿ ಚೂರಿಗೆ ಇರುವೆ ಬಂದಿದ್ದು ಬೇರೆ ಮಾತು. ಟ್ರೇ ಕೆಳಗೆ ಬಿಸಿ ಮಾಡುವ ಮ್ಯಾಟ್ ಹಾಸಬೇಕು ಅಂತ ಬರೆದಿದ್ದರು. ಅದೊಂದು ಖರ್ಚು ಉಳಿಯಿತು, ನಮ್ಮ ಆರ್‌ಸಿಸಿ ಮನೆಯೇ ಮ್ಯಾಟ್. ದಿನಕ್ಕೆ 16 ಗಂಟೆ ಬೆಳಕು ಬೇಕೆಂದು ಕೆಂಪು-ನೀಲಿ ಎಲ್‌ಇಡಿ ದೀಪ ತರಿಸಿದೆ (ಹದಿನೆಂಟು ಪ್ಲೇಟ್ ಬೆಣ್ಣೆ ದೋಸೆ). ಬೆಳಗ್ಗೆ ಐದರಿಂದ ರಾತ್ರಿ ಒಂಬತ್ತರವರೆಗೆ ಕಿಟಕಿ ತುಂಬ ನೇರಳೆ ಬೆಳಕು. ಮೂರನೇ ದಿನ ಹಾಲಿನವನು ಕೇಳಿದ, "ಸಾರ್, ಸೊಳ್ಳೆ ಹೊಡೆಯೋ ಮಶೀನು ಭಾರಿ ದೊಡ್ಡದು ತಂದೀರಲ್ಲ, ಎಷ್ಟಾತು?" ಎದುರು ಮನೆಯವರು ತಮ್ಮ ಕಡೆಯ ಸೊಳ್ಳೆಯೂ ಕಮ್ಮಿಯಾಗಿದೆ ಅಂದರು. ನಾನು ಬೇಡ ಅನ್ನಲಿಲ್ಲ.

90 ದಿನದ ಚಳಿಗಾಲ ಮುಗಿಸಿ ಮೇಪಲ್ ಕವರ್ ಬಿಚ್ಚಿದೆ. ಜೊಳ್ಳೆಲ್ಲ ಕೊಳೆತಿದ್ದವು. ಮುಳುಗಿದ್ದ ಮೂರರಲ್ಲಿ ಒಂದಕ್ಕೆ ಬಿಳಿ ಬೇರು! ಟ್ರೇಗೆ ಹಾಕಿದ ವಾರಕ್ಕೆ ಎರಡು ಎಲೆ ಬಿಚ್ಚಿತು. ಹಸಿರು. "ನೀಲಿ ಅಂದಿದ್ರಿ" ಅಂದಳು ನಮ್ಮನೆಯಾಕೆ. ಆರನೇ ದಿನ ಅದು ಮಣ್ಣಿನ ಮಟ್ಟಕ್ಕೆ ದಾರದಂತೆ ಸಪೂರಾಗಿ ಪಕ್ಕಕ್ಕೆ ಬಿತ್ತು. ಗಾಳಿಯಾಡದ ತೇವದಲ್ಲಿ ಬರುವ ಬೂಷ್ಟು ರೋಗ ಅದು. ಅವ್ವ ದೃಷ್ಟಿ ಅಂದಳು, ಉಪ್ಪು-ಮೆಣಸಿನಕಾಯಿ ನಿವಾಳಿಸಿದಳು. ನಾನು ಯಾರೋ ಹೇಳಿದರೆಂದು ಚಕ್ಕೆ ಪುಡಿ ಉದುರಿಸಿದೆ. ಕೋಣೆ ಪಲಾವ್ ಘಮ ಹೊಡೆಯಿತು, ಮೇಪಲ್ ಏಳಲಿಲ್ಲ.

ಉಳಿದವನ್ನಾದರೂ ಉಳಿಸೋಣ ಅಂತ ಚೀಲ ತೆಗೆದು ಟೇಬಲ್ ಫ್ಯಾನ್ ಇಟ್ಟೆ. "ಗಿಡಕ್ಕೆ ಫ್ಯಾನು, ನನಗೆ ಬೀಸಣಿಗೆ" ಅಂತ ಅವ್ವ ಟ್ರೇ ಪಕ್ಕಕ್ಕೇ ಚಾಪೆ ತಂದು ಹಾಸಿಕೊಂಡಳು. ಮಧ್ಯಾಹ್ನದ ನಿದ್ದೆಗೆ ಅದೇ ಜಾಗ ಗಟ್ಟಿಯಾಯಿತು.

ಹುಣಸೆ, ಕತ್ತಿಕಾಯಿ ಎರಡೂ ಜೋರಾಗಿ ಎದ್ದವು. ಆದರೆ ಸ್ಕೆಚ್ ಪೆನ್ನಿನಲ್ಲಿ ಬರೆದ ಚೀಟಿಗಳು ನೀರು ಚಿಮುಕಿಸಿ ಚಿಮುಕಿಸಿ ಅಳಿಸಿಹೋಗಿದ್ದವು. ಎಳೆಯದರಲ್ಲಿ ಎರಡಕ್ಕೂ ಗರಿಗರಿ ಎಲೆ, ನನಗೆ ಗುರುತೇ ಸಿಗಲಿಲ್ಲ. ಇರಲಿ, ಮುಂದಿನ ಕೆಲಸ ಎರಡಕ್ಕೂ ಒಂದೇ. ನಾಲ್ಕೈದು ಎಲೆ ಆದ ಮೇಲೆ ತುದಿ ಚಿವುಟಬೇಕು. ತುದಿ ಹೋದರೆ ಎತ್ತರಕ್ಕೆ ಓಡೋದು ನಿಂತು ಪಕ್ಕದ ಕಣ್ಣು ಒಡೆಯುತ್ತವೆ. ಎಲ್ಲಿ ಚಿವುಟಬೇಕು ಅಂತ ಹದಿನೈದು ದಿನ ವಿಡಿಯೋ ನೋಡಿದೆ. ಒಂಬತ್ತು ಪ್ಲೇಟಿನ ಕತ್ತರಿಯನ್ನೂ ತರಿಸಿದೆ. ಧೈರ್ಯ ಬರಲಿಲ್ಲ.

ಯುಗಾದಿಗೆ ನಾಲ್ಕು ದಿನ ಇದ್ದಾಗ ಸಂಜೆ ಮನೆಗೆ ಬಂದರೆ ಟ್ರೇ ಬೋಳು ಬೋಳಾಗಿತ್ತು. ಅರ್ಧ ಟ್ರೇಗೆ ತುದಿಯೇ ಇಲ್ಲ.

"ಅವ್ವಾ!"

"ಯಾಕಪ್ಪಾ ಹಂಗ್ ಕೂಗ್ತೀಯ? ಒಂದೊಂದೇ ಎಲೆ ಬಾಯಾಗೆ ಹಾಕ್ಕೊಂಡ್ ನೋಡ್ದೆ. ಈ ಕಡೀವು ಹುಣಸೆ, ಹುಳಿ ಅದಾವೆ. ಆ ಕಡೀವು ಕತ್ತಿಕಾಯಿ, ಒಗರು, ಉಗುಳ್ದೆ. ಚಿಗುರು ಚಲೋ ಬಂದಿತ್ತು, ಶೇಂಗಾ ಹಾಕಿ ಚಟ್ನಿ ಅರೆದೀನಿ. ಕೈ ತೊಳಕಂಡು ಬಾ, ರೊಟ್ಟಿ ಬಿಸಿ ಐತೆ."

ಚಟ್ನಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಹನ್ನೆರಡು ದಿನಕ್ಕೆ ಅವ್ವ ಚಿವುಟಿದ ಒಂದೊಂದು ಹುಣಸೆಯಲ್ಲೂ ಎರಡೆರಡು ಕವಲು ಒಡೆದಿವೆ, ವಿಡಿಯೋದಲ್ಲಿ ತೋರಿಸಿದ ಹಾಗೇ. ನನ್ನ ಧೈರ್ಯಕ್ಕೆ ಕಾದ ಕತ್ತಿಕಾಯಿಗಳು ದೀಪ ಮುಟ್ಟಲು ಹೋಗಿ ಒಂದರ ಮೇಲೊಂದು ಒರಗಿವೆ. ಕತ್ತರಿ ಡಬ್ಬಿಯಲ್ಲೇ ಇದೆ. ನಿನ್ನೆ ಅವ್ವ ಚಾಪೆ ಮೇಲೆ ಮಲಗಿದ್ದವಳು ಎದ್ದು ಕೂತು ಟ್ರೇ ನೋಡಿದಳು. "ಇನ್ನೊಂದೆರಡು ಟ್ರೇ ಹಾಕಪ್ಪಾ. ಚಟ್ನಿಗೇನೋ ಆತು, ಸಾರಿಗೆ ಸಾಲಾಂಗಿಲ್ಲ."